ಹನ್ನೆರಡನೇ ಅಂಕಣದ ನೀರು

ಫಾರ್ಮಿನಲ್ಲಿ ಎಲ್ಲರೂ ಅವಳನ್ನು ಗಡಿಬಿಡಿ ಅಕ್ಕ ಎಂದೇ ಕರೆಯುತ್ತಿದ್ದರು. ನಲವತ್ತೆರಡು ತುಂಬಿದರೂ ಅವಳಿಗೆ ನಿಧಾನವಾಗಿ ನಡೆಯುವುದು ಗೊತ್ತಿರಲಿಲ್ಲ. ಎಲ್ಲಿಗೆ ಹೋದರೂ ಓಟವೇ. ಅವಳ ಗಮ್‌ಬೂಟಿನ ಧಪಧಪ ಸದ್ದು ಬಾಗಿಲಲ್ಲಿ ಕೇಳಿದರೆ ಸಾಕು, ಹೆರಿಗೆ ಶೆಡ್ಡಿನ ಇಪ್ಪತ್ತನಾಲ್ಕು ತಾಯಿ ಹಂದಿಗಳೂ ಒಂದೇ ಸಲಕ್ಕೆ ಎದ್ದು ನಿಂತು ಗುರುಗುಟ್ಟುತ್ತಿದ್ದವು. ಎಡಕ್ಕೆ ಹನ್ನೆರಡು ಅಂಕಣ, ಬಲಕ್ಕೆ ಬಾಗಿಲ ಕಡೆಯಿಂದ ಹದಿಮೂರಕ್ಕೆ ಶುರುವಾಗಿ ಇನ್ನು ಹನ್ನೆರಡು, ನಡುವೆ ಓಡಾಡಲು ಸಿಮೆಂಟಿನ ದಾರಿ. ಒಂದೊಂದು ಅಂಕಣದಲ್ಲಿ ಒಂದು ತಾಯಿ, ಅದರ ಮರಿಗಳು. ಮರಿ ಹಾಕಿಸುವುದು, ಹಾಲು ಕುಡಿಸುವುದು, ಇಪ್ಪತ್ತೆಂಟನೇ ದಿನ ತೂಕ ಹಾಕಿ ತಾಯಿಯಿಂದ ಬಿಡಿಸುವುದು, ಇಷ್ಟೂ ಅವಳ ಪಾಲಿನ ಕೆಲಸ. ಮೇವು ತರಿಸುವುದು, ಬೆಳೆದ ಹಂದಿ ಮಾರುವುದು, ಲೆಕ್ಕ ನೋಡುವುದು ತಮ್ಮನ ಪಾಲಿಗೆ. ಅಪ್ಪ ಕಟ್ಟಿದ ಫಾರ್ಮನ್ನು ಅಕ್ಕ ತಮ್ಮ ಹೀಗೆ ಹಂಚಿಕೊಂಡು ಹದಿನಾಲ್ಕು ವರ್ಷವಾಗಿತ್ತು.

ಆ ದಿನ ಬೆಳಿಗ್ಗೆ ತಮ್ಮ ಆಫೀಸು ಕೋಣೆಗೆ ಅವಳನ್ನು ಕರೆದ. ಕುರ್ಚಿ ಎಳೆದು ಕೊಟ್ಟ. ಅವನು ಕುರ್ಚಿ ಕೊಟ್ಟನೆಂದರೆ ಸುದ್ದಿ ಚೆನ್ನಾಗಿಲ್ಲ ಎಂದೇ ಅರ್ಥ.

"ಅಕ್ಕ, ಒಂದು ಮಾತು ಹೇಳ್ತೀನಿ, ಕೂಗಾಡಬಾರದು."

"ನಾನ್ಯಾವಾಗ ಕೂಗಾಡಿದೀನಿ?" ಎಂದು ಅವಳು ಕೂಗಿದಳು.

"ಮೇವಿನ ಬೆಲೆ ಏರಿದ ಮೇಲೆ ಒಂದು ಮರಿ ನಮಗೆ ಬೀಳೋ ಖರ್ಚು ಹೊರಗಡೆ ಮರಿ ಸಿಗೋ ಬೆಲೆಗಿಂತ ಜಾಸ್ತಿ ಆಗ್ತಿದೆ. ಒಂದು ತಾಯಿ ಒಂಬತ್ತು ಮರಿ ಉಳಿಸಿಕೊಟ್ಟರೂ ಅಷ್ಟೇ ಸಂಬಳ, ಅಷ್ಟೇ ಕರೆಂಟು. ಹನ್ನೊಂದು ಕೊಟ್ಟರೂ ಅಷ್ಟೇ. ನಮ್ಮದು ಸರಾಸರಿ ಹತ್ತು ಮುಟ್ತಾನೇ ಇಲ್ಲ. ಮರಿ ವ್ಯಾಪಾರಿ ಹತ್ರ ಮಾತಾಡಿದೀನಿ. ತಾಯಿ ಹಂದಿಗಳನ್ನೆಲ್ಲ ಕೊಟ್ಟುಬಿಡೋಣ. ಅವನ ಹತ್ರ ಮರಿ ತಗೊಂಡು ಬರೀ ಬೆಳೆಸಿ ಮಾರೋಣ."

ಅಕ್ಕ ಕೂಗಾಡಲಿಲ್ಲ. ಅದನ್ನು ಕಂಡು ತಮ್ಮನಿಗೇ ಹೆದರಿಕೆಯಾಯಿತು.

"ಹೆರಿಗೆ ಶೆಡ್ಡು ಮುಚ್ಚಿ ನಾನೇನು ಮಾಡ್ಲಿ?" ಎಂದಷ್ಟೇ ಕೇಳಿದಳು.

"ಬೆಳಿಗ್ಗೆಯಿಂದ ರಾತ್ರಿವರೆಗೂ ಓಡ್ತಾನೇ ಇರ್ತೀಯ, ಸ್ವಲ್ಪ ಕೂತ್ಕೋ."

ಅವಳು ಎದ್ದು ಹೊರಗೆ ಹೋದಳು. ಕೆಲಸ ಬಿಟ್ಟು ಬೇರೆ ದಾರಿ ತಿಳಿಯದೆ ಶೆಡ್ಡಿಗೆ ಹೋಗಿ, ಭೇದಿಯಾಗಿದ್ದ ಮರಿಗಳಿಗೆ ಔಷಧಿ ಕಲಸಲು ಒಂದು ಲೀಟರಿನ ಜಗ್ ಕೈಗೆತ್ತಿಕೊಂಡಳು. ಬಾಗಿಲ ಬಳಿಯ ಕೊಳಾಯಿಗೆ ತೊಳೆಯುವ ಕೆಲಸದಾಕೆ ಪೈಪು ಸಿಕ್ಕಿಸಿ ನೆಲಕ್ಕೆ ನೀರು ಹೊಡೆಯುತ್ತಿದ್ದಳು. ಅವಳಿಗೆ ವಯಸ್ಸಾಗಿತ್ತು, ಆದರೆ ನೀರು ಹೊಡೆಯುವಾಗ ಯುದ್ಧಕ್ಕೆ ಹೊರಟವಳ ಹಾಗೆ ಕಾಣುತ್ತಿದ್ದಳು. ಆಗ ಅವಳನ್ನು ತಡೆಯುವ ಧೈರ್ಯ ಯಾರಿಗೂ ಇರಲಿಲ್ಲ. ಅಕ್ಕ ಕಾಯಲಾರದೆ ಎಡಸಾಲಿನ ಕಟ್ಟಕಡೆಯ, ಹನ್ನೆರಡನೇ ಅಂಕಣಕ್ಕೆ ಹೋಗಿ, ಹಂದಿ ಬಾಯಿಯಿಂದ ಒತ್ತಿ ನೀರು ಕುಡಿಯುವ ನಲ್ಲಿಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು, ಕೆಳಗೆ ಜಗ್ ಇಟ್ಟಳು.

ಅಷ್ಟರಲ್ಲಿ ಗಂಡನ ಫೋನು ಬಂತು. ಕಾರು ಓಡಿಸಲು ಕಲಿಸುವ ಮನುಷ್ಯ. ಯಾರು ಎಲ್ಲಿಗೆ ಗುದ್ದಿದರೂ ದನಿ ಏರಿಸದವನು.

"ಬೀರುವಿನ ಕೀಲಿ ಎಲ್ಲಿ?"

"ನಿನ್ನೆ ನೀವೇ ತಗೊಂಡ್ರಲ್ಲ, ನನ್ನೇನು ಕೇಳ್ತೀರಾ?"

"ನಾನು ತಗೊಂಡು ವಾಪಸ್ ಅಲ್ಲೇ ಇಟ್ಟೆ."

"ಅಲ್ಲೇ ಅಂದ್ರೆ ಎಲ್ಲಿ? ಹಳೇ ಜಾಗದಲ್ಲೋ ಹೊಸ ಜಾಗದಲ್ಲೋ?"

ಹಳೆಯ ಜಾಗ, ಹೊಸ ಜಾಗ, ಪ್ಯಾಂಟಿನ ಜೇಬು, ಟಿವಿಯ ಹಿಂದು, ಎಲ್ಲ ಎರಡೇ ನಿಮಿಷದಲ್ಲಿ ಹುಡುಕಿಸಿ, ಮದುವೆಯಾದ ಹೊಸತರಲ್ಲಿ ಅವನು ಕಳೆದಿದ್ದ ಕೊಡೆಯನ್ನೂ ಮಾತಿಗೆ ಎಳೆದು ತಂದು, ಕೊನೆಗೆ ಕೀಲಿ ಬೀರುವಿಗೇ ಸಿಕ್ಕಿಕೊಂಡಿದೆ ಎಂದು ತಿಳಿದು ಫೋನು ಇಟ್ಟಾಗ ಅವಳು ಜಗ್ಗಿನ ಕಡೆ ನೋಡಿದಳು. ಇನ್ನೂ ತುಂಬಿರಲಿಲ್ಲ.

ಇಷ್ಟು ದೊಡ್ಡ ಜಗಳ ಮುಗಿದರೂ ಒಂದು ಲೀಟರ್ ನೀರು ತುಂಬಿಲ್ಲವೆಂದರೇನು?

ಜಗ್ಗಿನಲ್ಲಿದ್ದದ್ದನ್ನು ಚೆಲ್ಲಿ ಬಾಗಿಲ ಬಳಿಯ ಒಂದನೇ ಅಂಕಣಕ್ಕೆ ಓಡಿದಳು. ನಲ್ಲಿ ಒತ್ತಿದಳು, ಕೈಗಡಿಯಾರ ನೋಡಿದಳು. ಅರ್ಧ ನಿಮಿಷಕ್ಕೆ ಜಗ್ ತುಂಬಿ ಚೆಲ್ಲಿತು. ಮತ್ತೆ ಹನ್ನೆರಡಕ್ಕೆ ಓಡಿದಳು. ಒಂದು ನಿಮಿಷ. ಎರಡು. ಮೂರು ನಿಮಿಷಕ್ಕೆ ಇನ್ನು ಹತ್ತು ಸೆಕೆಂಡು ಇದೆ ಎನ್ನುವಾಗ ಲೀಟರು ಗುರುತು ಮುಟ್ಟಿತು. ಅಲ್ಲಿದ್ದ ತಾಯಿ ಹಂದಿ ತನ್ನ ನಲ್ಲಿಯ ಮುಂದೆ ಈಕೆಯದೇನು ನಾಟಕ ಎಂಬಂತೆ ಮೂತಿಯಿಂದ ಕೈಯನ್ನು ತಳ್ಳುತ್ತಿತ್ತು. ಪಕ್ಕೆಲುಬು ಎಣಿಸುವ ಹಾಗೆ ಬಡವಾಗಿತ್ತು. ಮುಂದಿನ ತಟ್ಟೆಯಲ್ಲಿ ಬೆಳಗಿನ ಒಣಮೇವು ಅರ್ಧಕ್ಕರ್ಧ ಹಾಗೇ ಉಳಿದಿತ್ತು.

ಇಪ್ಪತ್ತನಾಲ್ಕು ನಲ್ಲಿಗಳನ್ನೂ ಅಳೆಯುವವರೆಗೆ ಅವಳಿಗೆ ಹಸಿವು ನೆನಪಾಗಲಿಲ್ಲ. ತೊಳೆಯುವಾಕೆ ಪೈಪು ಆಫ್ ಮಾಡಿ ಸೊಂಟದ ಮೇಲೆ ಕೈಯಿಟ್ಟು ನೋಡುತ್ತ ನಿಂತಳು.

"ಏನಮ್ಮಾ, ಹಂದಿ ನೀರಿಗೆ ಮೀಟರ್ ಹಾಕ್ತೀಯಾ?"

"ಸುಮ್ನಿರು! ಬರ್ಕೋ, ಬರ್ಕೋ! ಇಪ್ಪತ್ತಮೂರಕ್ಕೆ ಎರಡೂವರೆ ನಿಮಿಷ!"

"ನಂಗೆ ಬರಿಯಕ್ಕೆ ಬರಲ್ಲ."

"ಹಾಗಾದ್ರೆ ನೆನಪಿಟ್ಕೋ!"

ಟ್ಯಾಂಕು ಬಾಗಿಲ ಬಳಿ ಇತ್ತು. ಎರಡೂ ಸಾಲಿಗೆ ಅಲ್ಲಿಂದಲೇ ಪೈಪು. ಮೊದಲ ಆರು ಅಂಕಣಗಳಲ್ಲಿ ನೀರು ಜೋರಾಗಿತ್ತು, ಅಲ್ಲಿಂದಾಚೆ ಇಳಿಯುತ್ತ ಹೋಗಿ ಕೊನೆಯಲ್ಲಿ ಸಣ್ಣ ಧಾರೆಯಷ್ಟೇ. ಅವಳು ಎರಡು ವರ್ಷದ ಹೆರಿಗೆ ಪುಸ್ತಕ ತೆಗೆದು ಮೇಜಿನ ಮೇಲೆ ಹರಡಿದಳು. ಯಾವ ಅಂಕಣದ ಮರಿಗಳು ಎಷ್ಟು ತೂಗಿದವು, ಎಷ್ಟು ಸತ್ತವು, ತಾಯಿ ಮತ್ತೆ ಬೆದೆಗೆ ಬರಲು ಎಷ್ಟು ದಿನ ಹಿಡಿಯಿತು, ಎಲ್ಲ ಅವಳದೇ ಕೈಬರಹ. ಬೆರಳಿಟ್ಟು ಓದುತ್ತ ಹೋದಳು. ಹಿಂದಿನ ಅಂಕಣಗಳಲ್ಲಿ ಒಂಬತ್ತು ಮರಿ ಉಳಿದರೆ ಹೆಚ್ಚು. ತಲಾ ಆರು ಕಿಲೋ. ಮುಂದಿನವುಗಳಲ್ಲಿ ಹತ್ತಕ್ಕಿಂತ ಮೇಲೆ, ಏಳೂವರೆ ಕಿಲೋ. ಮುಂದಿನ ತಾಯಂದಿರು ಮರಿ ಬಿಡಿಸಿದ ಐದಾರು ದಿನಕ್ಕೆ ಬೆದೆಗೆ ಬಂದರೆ ಹಿಂದಿನವು ಎರಡು ವಾರ ಸುಮ್ಮನೆ ನಿಂತು ತಿನ್ನುತ್ತಿದ್ದವು. ಇಷ್ಟು ವರ್ಷ ಅವಳು ಹಿಂದಿನ ಅಂಕಣಗಳಿಗೆ ಗಾಳಿ ಸಾಲದು ಎಂದುಕೊಂಡಿದ್ದಳು. ಅದಕ್ಕಾಗಿ ಹೋದ ವರ್ಷ ಒಂದು ಫ್ಯಾನನ್ನೂ ಹಾಕಿಸಿದ್ದಳು.

ಪುಸ್ತಕ ಎದೆಗವಚಿಕೊಂಡು ತಮ್ಮನ ಕೋಣೆಗೆ ನುಗ್ಗಿದಳು.

"ನೀರು ಕಣೋ! ನೀರು!"

ತಮ್ಮ ಗಾಬರಿಯಿಂದ ಎದ್ದು ನಿಂತ. "ಯಾರಿಗೆ ಏನಾಯ್ತು? ಟ್ಯಾಂಕ್ ಒಡೀತಾ?"

ಅವಳು ಹೇಳಿದ್ದನ್ನೆಲ್ಲ ಕೇಳಿ ಅವನು ಮತ್ತೆ ಕುಳಿತುಕೊಂಡ. "ನೀರು ಕುಡಿದ್ರೆ ಮರಿ ತೂಕ ಬರುತ್ತಾ? ಹಾಗಾದ್ರೆ ಮೇವು ಯಾಕೆ ಹಾಕ್ಬೇಕು, ಪೈಪ್ ಹಾಕಿ ಬಿಟ್ಟುಬಿಡೋಣ."

ಅದೃಷ್ಟಕ್ಕೆ ಅಂದು ಡಾಕ್ಟರಮ್ಮ ಬರುವ ದಿನ. ತಿಂಗಳಿಗೊಮ್ಮೆ ಹಂದಿಗಳನ್ನು ನೋಡಿ ಹೋಗುವ ಪಶುವೈದ್ಯೆ ಆಕೆ, ಕಡಿಮೆ ಮಾತಿನವರು. ಅಕ್ಕ ಅವರ ತೋಳು ಹಿಡಿದು ಹನ್ನೆರಡನೇ ಅಂಕಣಕ್ಕೆ ಎಳೆದುಕೊಂಡು ಹೋದಳು. ಡಾಕ್ಟರಮ್ಮ ತಾವೇ ನಲ್ಲಿ ಒತ್ತಿ, ಗಡಿಯಾರ ನೋಡಿದರು.

"ಬಂದಾಗೆಲ್ಲ ನೀರು ಬರುತ್ತಾ ಅಂತ ಒತ್ತಿ ನೋಡಿದೀನಿ. ಎಷ್ಟು ಬರುತ್ತೆ ಅಂತ ಅಳೆದಿರಲಿಲ್ಲ. ತಪ್ಪು ನಂದೂ ಇದೆ," ಎಂದರು. ಆಮೇಲೆ ತಮ್ಮನ ಕಡೆ ತಿರುಗಿದರು. "ಹಾಲು ಕುಡಿಸೋ ಹಂದಿಗೆ ದಿನಕ್ಕೆ ಮೂವತ್ತು ನಲವತ್ತು ಲೀಟರ್ ಬೇಕು. ಇಷ್ಟು ಸಣ್ಣಗೆ ಬಂದ್ರೆ ಅದು ಗಂಟೆಗಟ್ಟಲೆ ನಿಂತು ಕುಡಿಯಲ್ಲ, ಬೇಜಾರಾಗಿ ಮಲಗಿಬಿಡುತ್ತೆ. ಬಾಯಾರಿದ್ರೆ ಒಣಮೇವು ಇಳಿಯಲ್ಲ. ಮೇವು ಇಳೀದೆ ಹಾಲು ಎಲ್ಲಿಂದ ಬರುತ್ತೆ?"

ತಮ್ಮ ಗಲ್ಲ ಕೆರೆದುಕೊಂಡ. ವ್ಯಾಪಾರಿಗೆ ಮಾತು ಕೊಟ್ಟಾಗಿತ್ತು. ಸುಲಭವಾಗಿ ಸೋಲುವ ಜಾಯಮಾನ ಅವನದಲ್ಲ.

"ಸರಿ. ಮರಿ ಹಾಕೋ ಹಂದಿಗಳ ಮುಂದಿನ ತಂಡ ಒಳಗೆ ಬರಲಿ. ಒಂದು ಸಾಲಿಗೆ ಮಾತ್ರ ಹೊಸ ಪೈಪು. ಇನ್ನೊಂದು ಸಾಲು ಹೀಗೇ ಇರಲಿ. ಇಪ್ಪತ್ತೆಂಟನೇ ದಿನ ತೂಕ ಹಾಕೋಣ. ಎರಡೂ ಸಾಲು ಒಂದೇ ಥರ ಬಂತು ಅಂದ್ರೆ ನೀನು ಬಾಯಿ ಮುಚ್ಕೊಂಡು ಒಪ್ಕೋಬೇಕು."

"ಒಂದು ಸಾಲು ಬಾಯಾರಿ ಸಾಯ್ಲಿ ಅಂತೀಯಾ?"

"ಇಷ್ಟು ವರ್ಷ ಸತ್ತಿಲ್ವಲ್ಲ. ಪರೀಕ್ಷೆ ಅಂದ್ರೆ ಪರೀಕ್ಷೆ. ನಡುವೆ ಯಾರೂ ಕೈಯಾಡಿಸಬಾರದು."

ಮನಸ್ಸಿಲ್ಲದ ಮನಸ್ಸಿನಿಂದ ಅವಳು ಒಪ್ಪಿದಳು. ನಾಣ್ಯ ಚಿಮ್ಮಿದರು. ಹೊಸ ಪೈಪು ಬಲಸಾಲಿಗೆ ಬಂತು.

ಪ್ಲಂಬರ್ ಹಳೆಯ ಪೈಪನ್ನು ಕತ್ತರಿಸಿ ತೆಗೆದಾಗ ಎಲ್ಲರೂ ಬಗ್ಗಿ ನೋಡಿದರು. ಒಳಗೆಲ್ಲ ಸುಣ್ಣ ಕಟ್ಟಿ ಕಲ್ಲಾಗಿತ್ತು; ನಡುವೆ ಒಂದು ಪೆನ್ಸಿಲು ತೂರುವಷ್ಟು ದಾರಿ. "ಇದ್ರಲ್ಲಿ ನೀರು ಬಂದಿದ್ದೇ ದೊಡ್ಡದು," ಎಂದ ಪ್ಲಂಬರ್. ತಮ್ಮ ಆ ತುಂಡನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ.

ಹೊಸ ತಂಡ ಒಳಬಂತು. ಐದನೇ ದಿನದಿಂದ ಒಂದೊಂದಾಗಿ ಮರಿ ಹಾಕತೊಡಗಿದವು. ಬಲಸಾಲಿನ ಹಂದಿಗಳು ನಲ್ಲಿಗೆ ಬಾಯಿ ಹಚ್ಚಿ ಗಟಗಟ ಕುಡಿಯುವ ಸದ್ದು ಕೇಳಿದರೆ ಅಕ್ಕನಿಗೆ ತಾನೇ ಕುಡಿದಷ್ಟು ತೃಪ್ತಿ. ತಟ್ಟೆಗಳು ನೆಕ್ಕಿಟ್ಟಂತೆ ಖಾಲಿಯಾಗುತ್ತಿದ್ದವು. ಎಡಸಾಲಿನ ಹಿಂದಿನ ಆರು ಅಂಕಣಗಳ ಮುಂದೆ ಹೋಗುವಾಗ ಮಾತ್ರ ಅವಳು ಮುಖ ತಿರುಗಿಸಿಕೊಂಡು ಓಡುತ್ತಿದ್ದಳು. ಬಕೆಟ್ಟಿನ ಕಡೆ ಕೈ ಹೋದಾಗಲೆಲ್ಲ ಹಲ್ಲು ಕಚ್ಚಿ ಹಿಂದೆ ಸರಿಯುತ್ತಿದ್ದಳು. ಮಾತೆಂದರೆ ಮಾತು.

ಎರಡನೇ ವಾರಕ್ಕೆ ಒಂದು ಸಂಗತಿ ಅವಳನ್ನು ಕಾಡತೊಡಗಿತು. ಎಡಸಾಲಿನ ತಟ್ಟೆಗಳೂ ಖಾಲಿಯಾಗುತ್ತಿದ್ದವು. ಅಲ್ಲಿನ ಮರಿಗಳೂ ಮೈ ತುಂಬಿಕೊಂಡು ಒಂದರ ಮೇಲೊಂದು ಹತ್ತಿ ಮಲಗುತ್ತಿದ್ದವು. ಇದೇನು, ಈ ಸಲ ಒಳ್ಳೆಯ ತಾಯಂದಿರೇ ಆ ಕಡೆಗೆ ಬಿದ್ದವೋ ಏನೋ, ಎಂದು ಗಂಡನ ಮುಂದೆ ಹೇಳಿಕೊಂಡಳು. "ತೂಕದ ದಿನ ತಿಳಿಯುತ್ತೆ ಬಿಡು," ಎಂದ ಅವನು. ತಮ್ಮನನ್ನು ಕೇಳೋಣವೆಂದರೆ ಅವನು ಭುಜ ಹಿಡಿದುಕೊಂಡು ಓಡಾಡುತ್ತಿದ್ದ. ದಿಂಬು ಸರಿಯಿಲ್ಲ, ಕತ್ತು ಹಿಡಿದಿದೆ, ಎನ್ನುತ್ತಿದ್ದ.

ಇಪ್ಪತ್ತೆಂಟನೇ ದಿನ ಬಂತು. ಅಕ್ಕ ಆರೂವರೆಗೇ ಶೆಡ್ಡಿನಲ್ಲಿದ್ದಳು. ತೂಕದ ಯಂತ್ರವನ್ನು ನಡುದಾರಿಗೆ ಎಳೆದು ತಂದರು. ಅದರ ಮೇಲೆ ಬಾಗಿಲಿರುವ ಕಬ್ಬಿಣದ ಪೆಟ್ಟಿಗೆ. ತೊಳೆಯುವಾಕೆ ಮರಿ ಹಿಡಿದು ತುಂಬಬೇಕು, ಡಾಕ್ಟರಮ್ಮ ಅಂಕಿ ಓದಬೇಕು, ಅಕ್ಕ ಬರೆಯಬೇಕು. ಹಿಂದಿನ ಆರು ಅಂಕಣಗಳ ಮೇಲೆಯೇ ಎಲ್ಲರ ಕಣ್ಣು. ಮೊದಲು ಬಲಸಾಲು. ಮರಿಗಳ ಕಿರುಚಾಟಕ್ಕೆ ಶೆಡ್ಡಿನ ತಗಡು ಹಾರಿಹೋಗುವಂತಿತ್ತು.

"ಹತ್ತೊಂಬತ್ತನೇ ಅಂಕಣ. ಹನ್ನೊಂದು ಮರಿ. ಎಂಬತ್ತೈದು ಕಿಲೋ!"

"ಎಷ್ಟು? ಇನ್ನೊಂದು ಸಲ ಹೇಳಿ!"

"ಎಂಬತ್ತೈದು!"

ಅಕ್ಕ ಬರೆದುಕೊಂಡಳು. ಇಪ್ಪತ್ತನೆಯದು ಹತ್ತು ಮರಿ, ಎಪ್ಪತ್ತೇಳು. ಇಪ್ಪತ್ತೊಂದು, ಇಪ್ಪತ್ತೆರಡು, ಒಂದೊಂದಕ್ಕೂ ಅವಳು ಒಂದೊಂದು ಜಿಗಿತ ಜಿಗಿದಳು. ಕೊನೆಯ ಅಂಕಣ ಮುಗಿಯುವ ಹೊತ್ತಿಗೆ ತಾಯಿಗೆ ಹತ್ತೂವರೆ ಮರಿ, ತಲಾ ಏಳೂವರೆ ಕಿಲೋಗೂ ಮೇಲೆ. ತೊಳೆಯುವಾಕೆ ಕೈಯಲ್ಲಿದ್ದ ಮರಿಗೆ ಮುತ್ತು ಕೊಟ್ಟಳು.

"ಈಗ ಎಡಸಾಲು," ಎಂದಳು ಅಕ್ಕ. ಗೆಲುವು ಜೇಬಿನಲ್ಲಿತ್ತು.

"ಏಳನೇ ಅಂಕಣ. ಹತ್ತು ಮರಿ. ಎಪ್ಪತ್ತನಾಲ್ಕು."

ಇರಲಿ, ಒಂದು ಹಾಗೆ ಬರುತ್ತದೆ. ಎಂಟನೆಯದು ಹತ್ತು ಮರಿ, ಎಪ್ಪತ್ತೆರಡು. ಒಂಬತ್ತನೆಯದು ಹನ್ನೊಂದು ಮರಿ, ಎಪ್ಪತ್ತೊಂಬತ್ತು. ಅಕ್ಕನ ಜಿಗಿತ ನಿಂತಿತು. ಹನ್ನೆರಡನೆಯದು ಮುಗಿದಾಗ ಲೆಕ್ಕ ಹಾಕಿದಳು. ತಾಯಿಗೆ ಹತ್ತೂ ಚಿಲ್ಲರೆ ಮರಿ, ತಲಾ ಏಳು ಕಿಲೋ ಮುನ್ನೂರು ಗ್ರಾಂ. ಎರಡೂ ಸಾಲು ಹೆಚ್ಚುಕಡಿಮೆ ಒಂದೇ. ಹಳೆಯ ಪೈಪಿನ ಸಾಲೂ ಅಷ್ಟೇ ತೂಗಿದೆ ಎಂದ ಮೇಲೆ ಪೈಪಿನ ಮಾತೆಲ್ಲಿ? ಅವಳು ಮೇವಿನ ಮೂಟೆಯ ಮೇಲೆ ಕುಳಿತುಬಿಟ್ಟಳು.

"ಸೋತೆ ಕಣೋ," ಎಂದಳು. "ವ್ಯಾಪಾರಿಗೆ ಫೋನ್ ಮಾಡು."

ತಮ್ಮ ಫೋನು ತೆಗೆಯಲಿಲ್ಲ. ಛಾವಣಿಯ ಜೇಡರ ಬಲೆ ನೋಡುತ್ತಿದ್ದ.

ಡಾಕ್ಟರಮ್ಮ ಹನ್ನೆರಡನೇ ಅಂಕಣಕ್ಕೆ ಹೋಗಿ ನಲ್ಲಿ ಒತ್ತಿದರು. ಈಗಲೂ ಅದೇ ಸಣ್ಣ ಧಾರೆ. ತಾಯಿಯ ಬೆನ್ನ ಮೇಲೆ ಕೈಯಾಡಿಸಿದರು. ಪಕ್ಕೆಲುಬು ಕೈಗೆ ಸಿಗಲಿಲ್ಲ. ಆಮೇಲೆ ಮೇವಿನ ತಟ್ಟೆಗೆ ಬಗ್ಗಿ, ಬೆರಳಿನಿಂದ ತಳ ಒರೆಸಿ ಎತ್ತಿ ತೋರಿಸಿದರು. ಬೆರಳು ಒದ್ದೆಯಾಗಿತ್ತು.

"ಈ ನಲ್ಲಿಯಿಂದ ಇಷ್ಟು ಹಾಲು ಬರೋಕೆ ಸಾಧ್ಯವೇ ಇಲ್ಲ. ಹಾಗಾದ್ರೆ ಇವು ನೀರು ಎಲ್ಲಿ ಕುಡಿದ್ವು?"

ತೊಳೆಯುವಾಕೆಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು. ಆ ಕೆಮ್ಮೇ ನಗುವಾಗಿ, ಬಾಯಿಗೆ ತೋಳು ಅಡ್ಡ ಹಿಡಿದು ಆಚೆ ತಿರುಗಿ ನಿಂತಳು.

"ನೀನು ಹಾಕಿದ್ಯಾ?" ಅಕ್ಕ ಅವಳ ಮೇಲೆ ಎಗರಿದಳು.

"ಅಯ್ಯೋ ನಾನಲ್ಲಪ್ಪಾ! ಬೆಳಿಗ್ಗೆ ಐದಕ್ಕೆ ನಾನೆಲ್ಲಿ ಏಳ್ತೀನಿ?"

ಬೆಳಿಗ್ಗೆ ಐದಕ್ಕೆ ಏಳುವವನು ಫಾರ್ಮಿನಲ್ಲಿ ಒಬ್ಬನೇ. ಅಕ್ಕ ಮೆಲ್ಲನೆ ತಮ್ಮನ ಕಡೆ ತಿರುಗಿದಳು.

"ಕೈ ತೋರ್ಸು."

"ಕೈ ಯಾಕೆ?"

"ತೋರ್ಸು ಅಂದ್ರೆ ತೋರ್ಸು."

ಎರಡೂ ಅಂಗೈಗಳಲ್ಲಿ ಬಕೆಟ್ಟಿನ ಹಿಡಿ ಕೊರೆದ ಗೆರೆ ಗಟ್ಟಿಯಾಗಿ ಕೂತಿತ್ತು.

"ಬೆಳಿಗ್ಗೆ ಎಂಟು ಬಕೆಟ್. ಸಂಜೆ ನೀನು ಮನೆಗೆ ಹೋದ ಮೇಲೆ ಎಂಟು," ಎಂದ ತಮ್ಮ, ನೆಲ ನೋಡುತ್ತ. "ಪೈಪಿನ ಒಳಗೆ ನೋಡಿದ ದಿನದಿಂದ ನಿದ್ದೆ ಬರ್ಲಿಲ್ಲ ಅಕ್ಕ. ಹೊಸ ತಂಡ ಬಂದ ಮಾರನೇ ದಿನ ಬೆಳಿಗ್ಗೆ ಸುಮ್ನೆ ನೋಡೋಣ ಅಂತ ಬಂದೆ. ಬಲಗಡೆಯವು ಗಟಗಟ ಕುಡೀತಾ ಇದ್ವು. ಎಡಗಡೆಯವು ಆ ಸದ್ದು ಕೇಳ್ತಾ ನನ್ನ ಮುಖಾನೇ ನೋಡ್ತಿದ್ವು. ಒಂದು ದಿನಕ್ಕೆ ಮಾತ್ರ ಅಂತ ಹಾಕ್ದೆ. ಆಮೇಲೆ ಬಿಡಕ್ಕಾಗ್ಲಿಲ್ಲ."

"ಒಂದು ತಿಂಗಳು! ನಾನು ಹಲ್ಲು ಕಚ್ಕೊಂಡು ಇರ್ಬೇಕಾದ್ರೆ ನೀನು... ಪರೀಕ್ಷೆ ಅಂದ್ರೆ ಪರೀಕ್ಷೆ ಅಂದೋನು ಯಾರೋ? ಪರೀಕ್ಷೆ ಹಾಳು ಮಾಡಿದ್ಯಲ್ಲೋ!"

ಅವಳು ತೂಕದ ಪುಸ್ತಕದಿಂದಲೇ ಅವನ ಬೆನ್ನಿಗೆ ಬಾರಿಸಿದಳು. ಎರಡನೇ ಏಟಿಗೆ ಕೈ ಅರ್ಧದಲ್ಲೇ ನಿಂತಿತು. ಹಾಳಾಗಿಲ್ಲ. ಎಲ್ಲಿ ಹಾಳಾಯಿತು? ಒಂದು ಸಾಲು ಪೈಪಿನಿಂದ ಕುಡಿಯಿತು, ಇನ್ನೊಂದು ಸಾಲು ತಮ್ಮನ ಕೈಯಿಂದ ಕುಡಿಯಿತು, ಎರಡೂ ತೂಗಿದವು. ಎರಡೂ ಸಾಲಿನ ಇದೇ ಹಿಂದಿನ ಹನ್ನೆರಡು ಅಂಕಣ ಹೋದ ತಂಡದಲ್ಲಿ ಎಷ್ಟು ತೂಗಿದ್ದವು? ಅವಳು ಹಾಳೆ ತಿರುಗಿಸಿದಳು. ತಾಯಿಗೆ ಒಂಬತ್ತು ಮರಿ. ತಲಾ ಆರು ಕಿಲೋ.

"ಡಾಕ್ಟರಮ್ಮಾ!"

"ನಾನೂ ಅದನ್ನೇ ಹೇಳೋಣ ಅಂತಿದ್ದೆ," ಎಂದರು ಡಾಕ್ಟರಮ್ಮ. ಯಾವತ್ತೂ ಹಲ್ಲು ಕಾಣಿಸದವರು ಅಂದು ನಕ್ಕರು. "ನಿಮ್ಮ ತಮ್ಮ ಪರೀಕ್ಷೆ ಕೆಡಿಸಿಲ್ಲ. ಎರಡು ಸಲ ಮಾಡಿ ತೋರಿಸಿದ್ದಾರೆ."

ಅಕ್ಕ ತಮ್ಮನನ್ನು ಎರಡೂ ಕೈಯಿಂದ ಬಾಚಿ ಹಿಡಿದು ಅಲ್ಲಾಡಿಸಿದಳು. ಅವನು "ಭುಜ, ಭುಜ" ಎಂದು ಅರಚಿದ. ತೊಳೆಯುವಾಕೆ ನಕ್ಕೂ ನಕ್ಕೂ ಮರಿ ಪೆಟ್ಟಿಗೆಯ ಬಾಗಿಲು ಹಾಕುವುದನ್ನು ಮರೆತಳು. ಒಳಗಿದ್ದ ಹತ್ತು ಮರಿಗಳೂ ಶೆಡ್ಡಿನ ತುಂಬ ಚೆಲ್ಲಾಪಿಲ್ಲಿಯಾಗಿ, ಡಾಕ್ಟರಮ್ಮ ಸಮೇತ ನಾಲ್ವರೂ ಅವುಗಳ ಹಿಂದೆ ಅರ್ಧ ಗಂಟೆ ಓಡಬೇಕಾಯಿತು.

ವ್ಯಾಪಾರಿಗೆ ತಮ್ಮನೇ ಫೋನು ಮಾಡಿದ. "ತಾಯಿ ಹಂದಿ ಕೊಡಲ್ಲ. ಇಲ್ಲ, ಬೆಲೆ ವಿಷಯ ಅಲ್ಲ. ನಮ್ಮಕ್ಕ ಒಪ್ಪಲ್ಲ," ಎಂದ. ಅಕ್ಕನ ಮೇಲೆ ಹಾಕಿ ಜಾರಿಕೊಳ್ಳುವುದು ಅವನ ಚಿಕ್ಕಂದಿನ ಅಭ್ಯಾಸ. ಈ ಸಲ ಅವಳು ಬೇಜಾರು ಮಾಡಿಕೊಳ್ಳಲಿಲ್ಲ. ಸಂಜೆಯೊಳಗೆ ಪ್ಲಂಬರ್ ಬಂದು ಎಡಸಾಲಿನ ಪೈಪಿಗೂ ಗರಗಸ ಹಾಕಿದ.

ಬಿಡಿಸಿದ ತಾಯಂದಿರಲ್ಲಿ ಮೊದಲನೆಯದು ನಾಲ್ಕನೇ ದಿನವೇ ಬೆದೆಗೆ ಬಂತು. ಆರನೇ ದಿನಕ್ಕೆ ಇಪ್ಪತ್ತು ಬಂದಿದ್ದವು. ಗಂಡು ಹಂದಿಯನ್ನು ದಾರಿಯಲ್ಲಿ ನಡೆಸಿಕೊಂಡು ಬಂದಾಗ ಎರಡೂ ಬದಿಯಿಂದ ಎದ್ದ ಕೂಗಾಟ ಕೇಳಿ ಅದೇ ಹೆದರಿ ಹಿಂದೆ ಸರಿಯಿತು.

ತಿಂಗಳ ಕೊನೆಗೆ ಮೇವಿನ ಬಿಲ್ಲು ಬಂತು. ತಮ್ಮ ಅದನ್ನು ಹಿಡಿದು ಹೌಹಾರಿದ. ನೀರು ಹೆಚ್ಚು ಕುಡಿದ ಹಂದಿಗಳು ಮೇವನ್ನೂ ಹೆಚ್ಚು ತಿಂದಿದ್ದವು. "ನೋಡು, ನೋಡು, ನಿನ್ನ ನೀರಿನ ಪ್ರತಾಪ!" ಎಂದು ಎಗರಾಡಿದವನು, ಒಟ್ಟು ಖರ್ಚನ್ನು ಮರಿಗಳ ಸಂಖ್ಯೆಯಿಂದ ಭಾಗಿಸಿದ ಮೇಲೆ ತಣ್ಣಗಾದ. ಮತ್ತೊಮ್ಮೆ ಭಾಗಿಸಿದ. ಕ್ಯಾಲ್ಕುಲೇಟರ್ ಕೆಟ್ಟಿದೆಯೇನೋ ಎಂದು ಫೋನಿನಲ್ಲೂ ಭಾಗಿಸಿದ. ಮೇವು ಹೆಚ್ಚಾದರೂ ಒಂದು ಮರಿಗೆ ಬೀಳುವ ಖರ್ಚು ವ್ಯಾಪಾರಿಯ ಬೆಲೆಗಿಂತ ಕೆಳಗೆ ಇಳಿದಿತ್ತು. ತುಂಬ ಕೆಳಗಲ್ಲ, ಆದರೂ ಕೆಳಗೆ.

"ಅಕ್ಕ, ಇಲ್ಲಿ ಬಾ," ಎಂದ. ಕುರ್ಚಿ ಕೊಡುವುದನ್ನು ಮರೆತಿದ್ದ.

ಅವಳು ನಿಂತೇ ಓದಿದಳು. ಓದಿ ಮುಗಿಸುವಷ್ಟರಲ್ಲಿ ಅವಳ ತಲೆಯಲ್ಲಿ ಇನ್ನೊಂದು ಏನೋ ಓಡತೊಡಗಿತ್ತು.

"ಶೆಡ್ಡಿನ ಹಿಂದಿನ ಗೋಡೆ ಒಡೆದ್ರೆ ಇನ್ನೂ ನಾಲ್ಕು ಅಂಕಣ ಕೂಡುತ್ತೆ, ಗೊತ್ತಾ?"

"ಎರಡು ಸಾಕು."

"ಎರಡಕ್ಕೆ ಯಾರಾದ್ರೂ ಗೋಡೆ ಒಡೀತಾರೇನೋ? ನಾಲ್ಕು."

"ಅಕ್ಕ, ಈಗ ತಾನೆ ಉಸಿರಾಡ್ತಿದೀವಿ."

ಊಟದ ಹೊತ್ತಿನವರೆಗೂ ಇಬ್ಬರೂ ಜಗಳಾಡಿದರು. ಕೊನೆಗೆ ಮೂರಕ್ಕೆ ಒಪ್ಪಂದವಾಯಿತು. ಗಾರೆ ಕೆಲಸದವನು ಸೋಮವಾರ ಬೆಳಿಗ್ಗೆಯೇ ಬರುತ್ತೇನೆಂದು ಹೇಳಿದ.